ಕೊನೆಯ ಗುಂಡಿ

ಹೋದ ಚಳಿಗಾಲದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗನ ಆರತಕ್ಷತೆಗೆ ಹೋಗಿದ್ದೆ. ನಾನು ಕನ್ನಡದ ಮೇಷ್ಟ್ರು, ಅವರು ಅರ್ಥಶಾಸ್ತ್ರದವರು. ಇಪ್ಪತ್ತೆರಡು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು ಒಂದೇ ಫ್ಲಾಸ್ಕಿನ ಚಹಾ ಕುಡಿದವರು. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯವರೆಗೆ ಜುಬ್ಬದಲ್ಲೇ ಕಳೆದ ನಾನು ಅಂದು ಮಗಳ ಒತ್ತಾಯಕ್ಕೆ ಮಣಿದು ಅಳಿಯನ ಮದುವೆಯ ಕೋಟು ತೊಟ್ಟಿದ್ದೆ. ಸಾಲಿನಲ್ಲಿ ಕಾದು, ವೇದಿಕೆ ಹತ್ತಿ, ಹುಡುಗನ ಕೈಗೆ ಲಕೋಟೆ ಕೊಟ್ಟು ಫೋಟೋಗೆ ನಿಂತೆ. ಆಗ ಪಕ್ಕದಲ್ಲಿದ್ದ ಅವರು ಸ್ವಲ್ಪ ಬಾಗಿ ನನ್ನ ಕೋಟಿನ ಕೆಳಗಿನ ಗುಂಡಿಯನ್ನು ಮೆಲ್ಲಗೆ ಬಿಚ್ಚಿದರು.

"ಇದನ್ನ ಹಾಕಬಾರದು ಮೇಷ್ಟ್ರೇ."

"ಯಾಕೆ?"

"ಯಾಕೆ ಅಂತ ನನಗೂ ಗೊತ್ತಿಲ್ಲ. ಹಾಕಿದರೆ ನಗ್ತಾರೆ. ಅಷ್ಟು ಗೊತ್ತು."

ಊಟಕ್ಕೆ ಕೂತಾಗಲೂ ನನ್ನ ತಲೆಯಲ್ಲಿ ಆ ಗುಂಡಿಯೇ ಇತ್ತು. ದರ್ಜಿ ಮುತುವರ್ಜಿಯಿಂದ ಹೊಲಿದ ಗುಂಡಿ, ಅದಕ್ಕೆ ಸರಿಯಾಗಿ ಒಂದು ಕಾಜ. ಹಾಕಲೆಂದೇ ಇಟ್ಟದ್ದು, ಆದರೆ ಹಾಕಬಾರದು. ಇಂಗ್ಲೆಂಡಿನ ಏಳನೆಯ ಎಡ್ವರ್ಡ್ ದೊರೆಗೆ ಹೊಟ್ಟೆ ಬೆಳೆದು ಕೊನೆಯ ಗುಂಡಿ ಹಾಕಲಾಗದೆ ಬಿಟ್ಟನೆಂದೂ, ದೊರೆಯನ್ನು ನೋಡಿ ಸುತ್ತಲಿನವರೆಲ್ಲ ಬಿಟ್ಟರೆಂದೂ ಒಂದು ಕಥೆ ಹೇಳುತ್ತಾರೆ. ಸೂಟಿನಲ್ಲಿ ಇಂಥ ಪಳೆಯುಳಿಕೆಗಳು ಇನ್ನೂ ಇವೆ. ಕೋಟಿನ ಹಿಂದಿನ ಸೀಳು ಕುದುರೆ ಸವಾರಿಯ ಕಾಲದ್ದು. ಎದೆಯ ಮೇಲೆ ಮಡಚಿದ ಪಟ್ಟಿಯಲ್ಲಿರುವ ಒಂಟಿ ಕಾಜ, ಅದೇ ಪಟ್ಟಿಯನ್ನು ಚಳಿಗೆ ಕುತ್ತಿಗೆಯವರೆಗೆ ಎಳೆದು ಗುಂಡಿ ಹಾಕುತ್ತಿದ್ದ ಕಾಲದ್ದು. ಕುದುರೆ ಹೋಯಿತು, ಚಳಿಯಿಲ್ಲದ ನಮ್ಮ ಊರುಗಳಿಗೂ ಕೋಟು ಬಂತು, ಗುರುತುಗಳು ಮಾತ್ರ ಉಳಿದವು. ಗುರುತು ಬಲ್ಲವರು ಒಂದು ಕಡೆ, ಅರಿಯದವರು ಇನ್ನೊಂದು ಕಡೆ.

ನನ್ನನ್ನು ಕಾಡಿದ್ದು ಈ ಎರಡು ಕಡೆಗಳು. ಏಕೆಂದರೆ ಸೂಟಿನ ಬಗ್ಗೆ ನಾನು ಅಲ್ಲಿಯವರೆಗೆ ಕೇಳಿದ್ದು ಬೇರೆಯದೇ ಮಾತು. ಗಂಡಸರನ್ನೆಲ್ಲ ಒಂದೇ ಬಣ್ಣಕ್ಕೆ ತಂದ ಉಡುಪು ಅದು, ದೊರೆಯೂ ಗುಮಾಸ್ತನೂ ಒಂದೇ ತರಹದ ಕೋಟು ತೊಡುವಂತೆ ಮಾಡಿದ್ದು ಅದು, ಎಂದು. ಹಾಗಿದ್ದ ಮೇಲೆ ಈ ನಗು ಎಲ್ಲಿಂದ ಬಂತು? ಒಂದೇ ತರಹದ ಬಟ್ಟೆ ನಿಜಕ್ಕೂ ಸಮಾನತೆಯೇ? ಅಥವಾ ಮೇಲು ಕೀಳನ್ನು ಬೇರೆ ಜಾಗದಲ್ಲಿ ಬಚ್ಚಿಡುವ ಉಪಾಯವೇ?

ಸೂಟಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1666ರ ಅಕ್ಟೋಬರಿನಿಂದ ಶುರುಮಾಡುತ್ತಾರೆ. ಅದರ ಹಿಂದಿನ ವರ್ಷ ಲಂಡನ್ನಿಗೆ ಪ್ಲೇಗು ಬಂದಿತ್ತು. ಹಿಂದಿನ ತಿಂಗಳಷ್ಟೇ ಮಹಾ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟಿತ್ತು. ಫ್ರೆಂಚರ ಜೊತೆ, ಡಚ್ಚರ ಜೊತೆ ಯುದ್ಧ ನಡೆದಿತ್ತು. ಆಗ ಎರಡನೆಯ ಚಾರ್ಲ್ಸ್ ದೊರೆ ತನ್ನ ಸಭೆಯಲ್ಲಿ, ತಾನಿನ್ನು ಹೊಸ ಬಗೆಯ ಉಡುಪು ತೊಡುವುದಾಗಿಯೂ ಅದನ್ನೆಂದೂ ಬದಲಿಸುವುದಿಲ್ಲವೆಂದೂ ಸಾರಿದ. ಇದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟವನು ನೌಕಾ ಕಚೇರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್. ಇವನೊಬ್ಬ ದರ್ಜಿಯ ಮಗ, ಹಾಗಾಗಿ ಬಟ್ಟೆಯ ಮೇಲೆ ಅವನ ಕಣ್ಣು ತೀಕ್ಷ್ಣ. ದೊರೆಯ ಹೊಸ ಉಡುಪೆಂದರೆ ಒಂದು ಉದ್ದನೆಯ ವೆಸ್ಟು, ಅದರ ಮೇಲೆ ಕೋಟು, ಕೆಳಗೆ ಮಂಡಿಯವರೆಗಿನ ಚಲ್ಲಣ. ಮೂರು ತುಂಡಿನ ಸೂಟಿನ ಮೊದಲ ರೂಪ ಇದು. ಸಿರಿವಂತರಿಗೆ ಮಿತವ್ಯಯ ಕಲಿಸುವುದು ದೊರೆಯ ಉದ್ದೇಶ ಎಂದು ಪೀಪ್ಸ್ ಬರೆಯುತ್ತಾನೆ. ಅಂದರೆ ಸೂಟು ಹುಟ್ಟಿದ್ದೇ ಸರಳತೆಯ ಪಾಠವಾಗಿ.

ಮುಂದಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಅದೇ ನವೆಂಬರಿನಲ್ಲಿ ಲಂಡನ್ನಿಗೆ ಒಂದು ಸುದ್ದಿ ಬಂತು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಅದೇ ವೆಸ್ಟನ್ನು ತನ್ನ ಮನೆಯ ಸೇವಕರಿಗೆಲ್ಲ ತೊಡಿಸಿದ್ದಾನಂತೆ! ಒಬ್ಬ ದೊರೆ ಇನ್ನೊಬ್ಬ ದೊರೆಗೆ ಮಾಡಬಹುದಾದ ದೊಡ್ಡ ಅವಮಾನ ಇದು ಎಂದು ಪೀಪ್ಸ್ ಕೊರಗುತ್ತಾನೆ. ಇದಕ್ಕೆ ಕತ್ತಿ ಎತ್ತಬೇಕಿರಲಿಲ್ಲ. ಒಂದು ಉಡುಪನ್ನು ಹಾಳುಮಾಡಲು ಅದನ್ನು ಹರಿಯಲೂ ಬೇಕಿಲ್ಲ, ಸುಡಲೂ ಬೇಕಿಲ್ಲ. ಆಳಿಗೆ ತೊಡಿಸಿದರೆ ಸಾಕು. ಬಟ್ಟೆಯ ಮರ್ಯಾದೆ ಬಟ್ಟೆಯಲ್ಲಿಲ್ಲ ಎಂಬುದು ಸೂಟು ಹುಟ್ಟಿದ ಎರಡೇ ತಿಂಗಳಲ್ಲಿ ಬಯಲಾಯಿತು.

ದೊರೆಯ ಮಿತವ್ಯಯವೂ ಬಹಳ ಕಾಲ ಬಾಳಲಿಲ್ಲ. ಹದಿನೆಂಟನೆಯ ಶತಮಾನದ ಹೊತ್ತಿಗೆ ಆ ವೆಸ್ಟಿನ ಮೇಲೇ ರೇಶಿಮೆಯ ಹೂಬಳ್ಳಿ, ಜರಿಯ ಕಸೂತಿ. ತಲೆಗೆ ಪುಡಿ ಹಚ್ಚಿದ ಟೋಪನ್ನು, ಕೊರಳಿಗೆ ಜಾಲರಿ. ಗಂಡಸರು ನವಿಲಿನಂತೆ ಮೆರೆದ ಕಾಲ ಅದು. ಆ ಮೆರವಣಿಗೆಯಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಇತ್ತೆಂದು ನನಗನ್ನಿಸುತ್ತದೆ. ದೂರದಿಂದಲೇ ನೋಡಿದವನಿಗೆ ಇವನು ಸಿರಿವಂತ, ಇವನ ದಾರಿ ಬಿಡಬೇಕು ಎಂದು ತಿಳಿಯುತ್ತಿತ್ತು. ಅದರಲ್ಲಿ ಮುಚ್ಚುಮರೆ ಇರಲಿಲ್ಲ.

ಅಷ್ಟು ಬಹಿರಂಗವಾದದ್ದನ್ನು ದ್ವೇಷಿಸುವುದೂ ಸುಲಭ. 1789ರಲ್ಲಿ ಫ್ರಾನ್ಸಿನ ಮಹಾಸಭೆ ಸೇರಿದಾಗ ಯಾರು ಯಾವ ಬಟ್ಟೆಯಲ್ಲಿ ಬರಬೇಕೆಂದು ಮೊದಲೇ ಅಪ್ಪಣೆಯಾಗಿತ್ತು. ಶ್ರೀಮಂತ ವರ್ಗಕ್ಕೆ ಚಿನ್ನದ ಅಂಚಿನ ಉಡುಪು, ಗರಿಯ ಟೊಪ್ಪಿಗೆ. ಜನಸಾಮಾನ್ಯರ ಪ್ರತಿನಿಧಿಗಳಿಗೆ ಅಲಂಕಾರವಿಲ್ಲದ ಕಪ್ಪು. ಕೀಳೆಂದು ತೋರಿಸಲು ಕೊಟ್ಟ ಆ ಕಪ್ಪೇ ಕೆಲವು ತಿಂಗಳಲ್ಲಿ ಹೆಮ್ಮೆಯ ಬಣ್ಣವಾಯಿತು. ಪ್ಯಾರಿಸ್ಸಿನ ಬೀದಿಯ ಕೆಲಸಗಾರರು ಮಂಡಿಯ ಚಲ್ಲಣ ತೊಡದೆ ಉದ್ದ ಪ್ಯಾಂಟು ತೊಡುತ್ತಿದ್ದರು, ಅದರಿಂದಲೇ ಅವರಿಗೆ 'ಚಲ್ಲಣವಿಲ್ಲದವರು' ಎಂಬ ಹೆಸರು. ಇಂದು ನಾವೆಲ್ಲ ತೊಡುವ ಉದ್ದ ಪ್ಯಾಂಟು ಒಂದು ಕಾಲಕ್ಕೆ ದಂಗೆಯ ಗುರುತಾಗಿತ್ತು ಎಂದು ನೆನೆದರೆ ಸೋಜಿಗವಾಗುತ್ತದೆ.

ಆ ಕಪ್ಪನ್ನೂ ಸರಳತೆಯನ್ನೂ ಇಂಗ್ಲೆಂಡಿನ ಸಿರಿವಂತರು ತಮ್ಮದಾಗಿಸಿಕೊಂಡ ಬಗೆಗೆ ಜಾರ್ಜ್ ಬ್ರಮೆಲ್ ಎಂಬವನ ಹೆಸರು ಅಂಟಿಕೊಂಡಿದೆ. 1778ರಲ್ಲಿ ಹುಟ್ಟಿದ ಇವನು ದೊಡ್ಡ ಮನೆತನದವನಲ್ಲ, ಯುವರಾಜನ ಸ್ನೇಹದಿಂದ ಮೇಲೆ ಬಂದವನು. ಕಡುನೀಲಿ ಕೋಟು, ಬಿಳಿಯ ಅಂಗಿ, ಗಂಜಿ ಹಾಕಿದ ಬಿಳಿಯ ಕೊರಳಪಟ್ಟಿ, ಇಷ್ಟೇ ಅವನ ಉಡುಪು. ಜರಿಯಿಲ್ಲ, ಕಸೂತಿಯಿಲ್ಲ. ಆದರೆ ಅದನ್ನು ತೊಡಲು ಅವನಿಗೆ ಗಂಟೆಗಟ್ಟಲೆ ಹೊತ್ತು ಬೇಕಿತ್ತು, ಅದನ್ನು ನೋಡಲು ಯುವರಾಜನೂ ಬಂದು ಕೂರುತ್ತಿದ್ದ. ಕೊನೆಗೆ ಸಾಲ ತಲೆಮೇಲೆ ಬಂದು 1816ರಲ್ಲಿ ಫ್ರಾನ್ಸಿಗೆ ಓಡಿಹೋದ, 1840ರಲ್ಲಿ ಅಲ್ಲಿಯೇ ಹುಚ್ಚಾಸ್ಪತ್ರೆಯಲ್ಲಿ ಸತ್ತ. ಅವನು ಬಿಟ್ಟುಹೋದ ಪಾಠ ಮಾತ್ರ ಇಂದಿಗೂ ಇದೆ. ಬೆಲೆ ಬಟ್ಟೆಯ ಮೇಲೆ ಕಾಣಬಾರದು, ಕತ್ತರಿಯಲ್ಲಿ ಇರಬೇಕು. ಭುಜದ ಬಳಿ ಒಂದು ನಿರಿಗೆಯೂ ಏಳಬಾರದು. ಬಲ್ಲವನಿಗೆ ಮಾತ್ರ ಕಾಣಬೇಕು.

ಮೇಲು ಕೀಳಿನ ಗುರುತು ಜಾಗ ಬದಲಿಸಿದ್ದು ಇಲ್ಲಿ ಎಂದು ನನ್ನ ಭಾವನೆ. ಜರಿ ಎಲ್ಲರ ಕಣ್ಣಿಗೂ ಕಾಣುತ್ತದೆ, ಕತ್ತರಿಯ ಕೆಲಸ ಕೆಲವರ ಕಣ್ಣಿಗೆ ಮಾತ್ರ. ಇಂದಿಗೂ ಅಳತೆ ಕೊಟ್ಟು ಹೊಲಿಸಿದ ದುಬಾರಿ ಕೋಟಿನ ತೋಳಿನ ಗುಂಡಿಗಳನ್ನು ನಿಜವಾಗಿ ಬಿಚ್ಚಬಹುದು. ಅಗ್ಗದ ಕೋಟಿನಲ್ಲಿ ಅವು ಸುಮ್ಮನೆ ಹೊಲಿದ ಗುಂಡಿಗಳು. ಕೆಲವರು ಅಲ್ಲೊಂದು ಗುಂಡಿಯನ್ನು ಬೇಕೆಂದೇ ಬಿಚ್ಚಿಟ್ಟಿರುತ್ತಾರಂತೆ, ತಿಳಿದವರಿಗೆ ತಿಳಿಯಲಿ ಎಂದು. ಜರಿ ಕೋಟಿನವನ ಮುಂದೆ ಬಡವನಿಗೆ ತಾನು ಹೊರಗಿನವನೆಂದು ಗೊತ್ತಿತ್ತು. ಸೂಟಿನವರ ನಡುವೆ ಅವನು ತಾನೂ ಒಳಗಿದ್ದೇನೆಂದು ನಂಬಿರುತ್ತಾನೆ, ನಗು ಕೇಳುವವರೆಗೆ.

1930ರಲ್ಲಿ ಫ್ಲೂಗೆಲ್ ಎಂಬ ಮನಶ್ಶಾಸ್ತ್ರಜ್ಞ ಉಡುಪಿನ ಬಗ್ಗೆ ಒಂದು ಪುಸ್ತಕ ಬರೆದ. ಹದಿನೆಂಟನೆಯ ಶತಮಾನದ ಕೊನೆಗೆ ಗಂಡಸರು ಬಣ್ಣ, ಅಲಂಕಾರಗಳನ್ನು ಬಿಟ್ಟುಕೊಟ್ಟದ್ದನ್ನು ಅವನು ಪುರುಷರ ಮಹಾತ್ಯಾಗ ಎಂದು ಕರೆದ. ಆ ತ್ಯಾಗದ ಬಗ್ಗೆ ಅವನಿಗೆ ಬೇಸರವೂ ಇತ್ತು, ಗಂಡಸರ ಉಡುಪನ್ನು ಸುಧಾರಿಸಬೇಕೆಂದು ಲಂಡನ್ನಿನಲ್ಲಿ ಕಟ್ಟಿದ ಸಂಘವೊಂದರಲ್ಲಿ ಅವನೂ ಇದ್ದ. ನನಗೆ 'ತ್ಯಾಗ' ಎಂಬ ಪದದ ಬಳಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ತ್ಯಾಗ ಮಾಡಿದ ವಸ್ತು ಎಲ್ಲಿ ಹೋಯಿತು ಎಂದು ಹುಡುಕಿದರೆ ತ್ಯಾಗಿಯ ಬಗ್ಗೆಯೂ ಸ್ವಲ್ಪ ತಿಳಿಯುತ್ತದೆ.

ಅದು ಹೋದದ್ದು ಆಳುಗಳ ಮೈಮೇಲೆ. ಇಂಗ್ಲೆಂಡಿನ ಯಜಮಾನರು ಕಪ್ಪು ಕೋಟಿಗೆ ಬಂದ ಎಷ್ಟೋ ದಶಕಗಳ ನಂತರವೂ ಅವರ ಮನೆಯ ಸೇವಕರು ಮಂಡಿಯ ಚಲ್ಲಣ, ಜರಿಪಟ್ಟಿಯ ಕೋಟು ತೊಟ್ಟು, ಕೂದಲಿಗೆ ಪುಡಿ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ಅಜ್ಜನ ಕಾಲದ ದೊರೆಯ ವೇಷ ಮೊಮ್ಮಗನ ಕಾಲಕ್ಕೆ ಆಳಿನ ಸಮವಸ್ತ್ರ. ಆಮೇಲೆ ಯಜಮಾನರು ಬಾಲದ ಕೋಟನ್ನೂ ಬಿಡುತ್ತ ಬಂದರು, ಅದು ಹೋಟೆಲಿನ ಮಾಣಿಗಳ ಪಾಲಾಯಿತು. ನಮ್ಮಲ್ಲಿಯೂ ಇದು ನಡೆದಿದೆ. ಮಹಾರಾಜರು ಕಳಚಿಟ್ಟ ಪೇಟ, ನಡುಪಟ್ಟಿ, ತುರಾಯಿಗಳನ್ನು ಇಂದು ನೋಡಬೇಕೆಂದರೆ ದೊಡ್ಡ ಹೋಟೆಲಿನ ಬಾಗಿಲಿಗೆ ಹೋಗಬೇಕು. ಅಲ್ಲಿ ಸೆಲ್ಯೂಟ್ ಹೊಡೆದು ಕಾರಿನ ಬಾಗಿಲು ತೆಗೆಯುವವನ ಮೈಮೇಲೆ ಅವು ಇವೆ.

ಈ ನಡುವೆ ಸೂಟು ಕೆಳಗಿಳಿದು ಬರುತ್ತಲೂ ಇತ್ತು. 1849ರ ಹೊತ್ತಿಗೆ ಅಮೆರಿಕದಲ್ಲಿ ಬ್ರೂಕ್ಸ್ ಬ್ರದರ್ಸ್ ಸಿದ್ಧ ಸೂಟುಗಳನ್ನು ಮಾರತೊಡಗಿತ್ತು. ಹೊಲಿಗೆ ಯಂತ್ರ ಬಂತು, ಗುಮಾಸ್ತನಿಗೂ ಸೂಟು ಎಟುಕಿತು. ಇದು ನಿಜವಾದ ಲಾಭ, ಇದನ್ನು ಅಲ್ಲಗಳೆಯಲಾರೆ. ಆದರೆ ಅಗ್ಗದ ಬಟ್ಟೆಯ ಬೆಲೆಯನ್ನು ಬೇರೊಬ್ಬರು ತೆರುತ್ತಿದ್ದರು. ಆ ವರ್ಷಗಳಲ್ಲೇ ಹೆನ್ರಿ ಮೇಹ್ಯೂ ಲಂಡನ್ನಿನ ದರ್ಜಿಗಳ ಮನೆಗಳಿಗೆ ಹೋಗಿ ಪತ್ರಿಕೆಗೆ ಬರೆದ. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆದು, ಒಂದೇ ಕೋಣೆಯಲ್ಲಿ ಹೆಂಡತಿ ಮಕ್ಕಳ ಸಮೇತ ರಾತ್ರಿಯೆಲ್ಲ ಹೊಲಿಯುವವರ ಮಾತುಗಳನ್ನು ಅವನು ದಾಖಲಿಸಿದ. 1850ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿ ಇದೇ ವಿಷಯಕ್ಕೆ ರೊಚ್ಚಿಗೆದ್ದು ಒಂದು ಕಿರುಹೊತ್ತಿಗೆ ಬರೆದ. ಸಮಾನರಂತೆ ಕಾಣಬೇಕೆಂಬ ಆಸೆಯ ಒಂದು ತುದಿ ಆ ಕತ್ತಲೆಯ ಕೋಣೆಯಲ್ಲಿತ್ತು. ಇಂದೂ ಆ ಕೋಣೆ ಎಲ್ಲೋ ಇದ್ದೇ ಇದೆ.

ಕೆಳಗಿನವನು ಎಟುಕಿಸಿಕೊಂಡಾಗಲೆಲ್ಲ ಮೇಲಿನವನು ಒಂದು ಮೆಟ್ಟಿಲು ಸರಿದುಕೊಳ್ಳುತ್ತಾನೆ. ಇತ್ತೀಚಿನ ಮೆಟ್ಟಿಲು ಸೂಟನ್ನೇ ಬಿಡುವುದು. 2012ರಲ್ಲಿ ಮಾರ್ಕ್ ಜುಕರ್‌ಬರ್ಗ್ ತನ್ನ ಕಂಪನಿಯ ಶೇರು ಮಾರಲು ನ್ಯೂಯಾರ್ಕಿನ ಹೂಡಿಕೆದಾರರ ಮುಂದೆ ಟೊಪ್ಪಿಗೆಯಿರುವ ಹತ್ತಿಯ ಅಂಗಿಯಲ್ಲಿ ಹೋದಾಗ ಕೆಲವರು ಮುನಿಸಿಕೊಂಡರು, ಹಲವರು ಮೆಚ್ಚಿಕೊಂಡರು. ಅದೇ ಮನುಷ್ಯ 2018ರ ಏಪ್ರಿಲಿನಲ್ಲಿ ಅಮೆರಿಕದ ಸಂಸತ್ತಿಗೆ ಉತ್ತರ ಕೊಡಬೇಕಾಗಿ ಬಂದಾಗ ಸೂಟು ಟೈಯಲ್ಲಿ ಕೂತಿದ್ದ. ಹಣ ಕೇಳುವಾಗ ಬೇಡವಾದ ಸೂಟು ತಪ್ಪಿಗೆ ಉತ್ತರಿಸುವಾಗ ಬೇಕಾಯಿತು. ಈಗ ಬೆಂಗಳೂರಿನ ಯಾವುದೇ ಗಾಜಿನ ಕಟ್ಟಡದ ಮುಂದೆ ನಿಂತು ನೋಡಿ. ಟಿ-ಶರ್ಟಿನಲ್ಲಿ ಚಪ್ಪಲಿ ಎಳೆಯುತ್ತ ಒಳಗೆ ಹೋಗುವವನು ಮಾಲೀಕನಿರಬಹುದು. ಏಪ್ರಿಲ್ ಬಿಸಿಲಲ್ಲಿ ಅಳತೆ ಮೀರಿದ ಕಪ್ಪು ಕೋಟು ತೊಟ್ಟು ಬೆವರುತ್ತ ಅವನಿಗೆ ಬಾಗಿಲು ತೆಗೆಯುವವನು ಸೆಕ್ಯೂರಿಟಿಯವನು. ಲೂಯಿ ದೊರೆ ಎರಡು ತಿಂಗಳಲ್ಲಿ ಮಾಡಿದ್ದನ್ನು ಕಾಲ ಮೂರೂವರೆ ಶತಮಾನದಲ್ಲಿ ಮಾಡಿದೆ.

ಇಷ್ಟೆಲ್ಲ ಓದಿದ ಮೇಲೆ ನನ್ನ ಜುಬ್ಬದ ಕಡೆಗೂ ತಿರುಗಿ ನೋಡಬೇಕಾಯಿತು. ಹಳೆಯ ಮೈಸೂರಿನ ನಮ್ಮ ಕಡೆ ತಾತಂದಿರ ಕಾಲದವರು ಕಚ್ಚೆಪಂಚೆಯ ಮೇಲೆ ಕೋಟು ತೊಟ್ಟು ಪೇಟ ಸುತ್ತುತ್ತಿದ್ದರು. ಸೊಂಟದಿಂದ ಮೇಲೆ ಕಚೇರಿ, ಕೆಳಗೆ ಮನೆ. ನಮ್ಮ ತಾತನ ಒಂದು ಫೋಟೋ ಹಾಗೇ ಇದೆ. ನನ್ನ ತಂದೆಗೆ ಎರಡು ಸಫಾರಿ ಇದ್ದವು. ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಕಾಲೇಜು ಕಲಿತವನು, ಸಭೆ, ಚಳವಳಿ, ಸಾಹಿತ್ಯ ಎಂದು ಓಡಾಡಿ ಖಾದಿ ಜುಬ್ಬಕ್ಕೆ ಬಂದೆ. ಅದನ್ನು ಒಂದು ನೈತಿಕ ನಿಲುವೆಂದೇ ತಿಳಿದಿದ್ದೆ. ಹಾಗಾಗಿ ದಿನವೂ ಕೋಟು ತೊಟ್ಟು ತರಗತಿಗೆ ಹೋಗುತ್ತಿದ್ದ ನನ್ನ ಈ ಸ್ನೇಹಿತರು ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತಿದ್ದರು.

ಒಂದು ಬೇಸಿಗೆ, ಪರೀಕ್ಷೆಯ ದಿನಗಳು. ಕರೆಂಟು ಹೋಗಿ ಸ್ಟಾಫ್ ರೂಮಿನ ಫ್ಯಾನು ನಿಂತಿತ್ತು. "ಏನ್ ಸಾರ್, ಈ ಬಿಸಿಲಲ್ಲೂ ಬ್ರಿಟಿಷರ ಸೇವೆ ಬಿಡಲ್ವಲ್ಲ ನೀವು" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಸಂಜೆ ಬಸ್ಸಿಗೆ ಕಾಯುವಾಗ ಅವರೇ ಮಾತು ತೆಗೆದರು. "ಮೇಷ್ಟ್ರೇ, ನೀವು ಇಸ್ತ್ರಿಯಿಲ್ಲದ ಜುಬ್ಬ ಹಾಕ್ಕೊಂಡು ಬಂದರೆ ಸಾಹಿತಿ ಅಂತಾರೆ. ನಾನು ಹಾಗೆ ಬಂದರೆ ಅಟೆಂಡರು ಅಂತಾರೆ. ಅಂದಿದ್ದಾರೆ ಕೂಡ." ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಬಂತು, ಹತ್ತಿ ಹೋದರು. ಅವರು ದಲಿತ ಕೇರಿಯಿಂದ ಓದಿ ಬಂದವರು, ನನ್ನದು ಊರ ನಡುವಿನ ಬೀದಿಯ ಮನೆ. ಇದು ಇಬ್ಬರಿಗೂ ಗೊತ್ತಿದ್ದ ಸಂಗತಿಯೇ. ಆದರೆ ಬಟ್ಟೆಯ ವಿಷಯದಲ್ಲಿ ಅದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

1931ರ ಕೊನೆಯಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಗಾಂಧಿಯೂ ಅಂಬೇಡ್ಕರರೂ ಇದ್ದರು. ಒಬ್ಬರು ತುಂಡು ಪಂಚೆಯಲ್ಲಿ, ಇನ್ನೊಬ್ಬರು ಸೂಟಿನಲ್ಲಿ. ಗಾಂಧಿಗೆ ಸೂಟು ಹೊಸದೇನಲ್ಲ. 1888ರಲ್ಲಿ ಕಾನೂನು ಓದಲು ಹೋದಾಗ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಕೊಟ್ಟು ಸಂಜೆಯ ಸೂಟು ಹೊಲಿಸಿದ್ದನ್ನು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1921ರಲ್ಲಿ ಮದುರೆಯಲ್ಲಿ ಅವರು ತುಂಡು ಪಂಚೆಗೆ ಬಂದದ್ದು ಬಡವರ ಜೊತೆ ನಿಲ್ಲಲು. ಅದರ ಹಿರಿಮೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಕಳಚುವವನ ಬಳಿ ಕಳಚಲು ಏನಾದರೂ ಇರಬೇಕು. ಮನುಸ್ಮೃತಿ ಚಂಡಾಲರಿಗೆ ಗೊತ್ತುಮಾಡಿದ ಉಡುಪು ಹೆಣದ ಮೇಲಿನ ಬಟ್ಟೆ. ಅಂಬೇಡ್ಕರರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಆ ಪುಸ್ತಕವನ್ನು ಸುಟ್ಟರು. ಅದೇ ಸಮಾವೇಶದಲ್ಲಿ ಹೆಂಗಸರನ್ನು ಕುರಿತು, ಜಾತಿ ಹೇಳುವ ಹಾಗೆ ಸೀರೆ ಉಡುವುದನ್ನು ಬಿಡಿ, ಉಳಿದವರಂತೆ ಉಡಿ ಎಂದರು. ಬರಿಮೈಯನ್ನೇ ಹೇರಿಸಿಕೊಂಡವರ ಮನೆಯ ಮಗನಿಗೆ ಬರಿಮೈ ತ್ಯಾಗವಾಗಲಾರದು. ನಮ್ಮ ಊರೂರಿನ ವೃತ್ತಗಳಲ್ಲಿ ನಿಂತ ಅಂಬೇಡ್ಕರರ ಪ್ರತಿಮೆಗೆ ಬಳಿದ ನೀಲಿ ಸೂಟನ್ನು ಹೀಗಾಗಿ ನಾನು ಈಗ ಬೇರೆ ರೀತಿ ನೋಡುತ್ತೇನೆ.

ಇದಕ್ಕೆ ಎದುರುಮಾತೂ ಇದೆ, ನನ್ನ ಮನಸ್ಸೇ ಅದನ್ನು ಹೇಳುತ್ತದೆ. ಮೇಲಿನವರ ಉಡುಪನ್ನೇ ತೊಟ್ಟು ಮರ್ಯಾದೆ ಪಡೆಯುವುದೆಂದರೆ ಮರ್ಯಾದೆಯ ಅಳತೆಕೋಲು ಅವರ ಕೈಯಲ್ಲೇ ಉಳಿದಂತಲ್ಲವೇ? ನಾವು ಎಟುಕಿಸಿಕೊಳ್ಳುವಷ್ಟರಲ್ಲಿ ಅವರು ಗುಂಡಿ ಬದಲಿಸಿರುತ್ತಾರೆ. ಇದು ನಿಜ. ಬಟ್ಟೆಯನ್ನು ಯಾರೂ ನೋಡದ ಕಾಲ ಬಂದರೆ ಅದೇ ಒಳ್ಳೆಯದು. ಆದರೆ "ಬಟ್ಟೆಯಲ್ಲಿ ಏನಿದೆ ಬಿಡಿ" ಎನ್ನುವ ಮಾತು ಯಾರ ಬಾಯಲ್ಲಿ ಸಲೀಸಾಗಿ ಬರುತ್ತದೆ ಎಂದು ಗಮನಿಸಬೇಕು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ಎಲ್ಲರಿಗೂ ಒಂದೇ ತೂಕದಲ್ಲಿ ಅನ್ವಯಿಸುವುದಿಲ್ಲ. ಕೆಲವರು ಪರರ ಇಚ್ಛೆಯನ್ನು ಮೀರಿದರೆ ಅದು ಸರಳತೆ, ಕೆಲವರು ಮೀರಿದರೆ ಅದು ಅವರ ಯೋಗ್ಯತೆ. ಹಾಗಾಗಿ ನನಗೀಗ ಉಳಿದಿರುವ ಪರೀಕ್ಷೆ ಒಂದೇ. ಯಾರು ಏನು ತೊಟ್ಟಿದ್ದಾರೆ ಎಂದು ಕೇಳುವ ಬದಲು, ತಪ್ಪಾಗಿ ತೊಟ್ಟಾಗ ಯಾರಿಗೆ ಏನಾಗುತ್ತದೆ ಎಂದು ಕೇಳುವುದು. ತಪ್ಪು ಬಟ್ಟೆಯಿಂದ ಏನೂ ಕಳೆದುಕೊಳ್ಳದವನ ಸರಳತೆಗೆ ಖರ್ಚಿಲ್ಲ. ನನ್ನ ಜುಬ್ಬಕ್ಕೆ ಖರ್ಚಿರಲಿಲ್ಲ.

ಆರತಕ್ಷತೆಯ ಊಟದ ಕೊನೆಗೆ, ಬೀಡಾ ಹಾಕಿಕೊಳ್ಳುತ್ತ, "ಯಾರು ಸಾರ್ ನಕ್ಕಿದ್ದು?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು. ಎಂಬತ್ತರ ದಶಕ, ಮೊದಲ ಸಂದರ್ಶನ. ಚಿಕ್ಕಪ್ಪನಿಂದ ಇಸಿದುಕೊಂಡ ಕೋಟು, ಮೂರು ಗುಂಡಿಯದ್ದು. ಶಿಸ್ತಾಗಿರಲಿ ಎಂದು ಮೂರನ್ನೂ ಹಾಕಿಕೊಂಡು ಹೋಗಿದ್ದರು. ಎದುರು ಕೂತ ಒಬ್ಬರು ಕೋಟನ್ನು ನೋಡಿ, ಪಕ್ಕದವರನ್ನು ನೋಡಿ, ಮುಗುಳ್ನಕ್ಕರು. "ಕೆಲಸ ಬೇರೆ ಕಾರಣಕ್ಕೇ ತಪ್ಪಿರಬಹುದು ಮೇಷ್ಟ್ರೇ. ಗುಂಡಿ ವಿಷಯ ಹಾಸ್ಟೆಲಿನ ಗೆಳೆಯ ಆಮೇಲೆ ಹೇಳಿದ. ಅವತ್ತಿಂದ ಒಂದು ದಿನಾನೂ ಮರೆತಿಲ್ಲ."

ನಾನು ಆ ಸಂಜೆ ಒಂದು ಗಂಟೆಗೂ ಹೆಚ್ಚು ಹೊತ್ತು ಎರಡೂ ಗುಂಡಿ ಹಾಕಿಕೊಂಡು ಅಷ್ಟು ಜನರ ನಡುವೆ ಓಡಾಡಿದ್ದೆ. ಒಬ್ಬರೂ ನಕ್ಕಿರಲಿಲ್ಲ.

ಮನೆಗೆ ಬಂದು ಕೋಟನ್ನು ಅಳಿಯನಿಗೆ ಮರಳಿಸಿದೆ. ಅವನು ಸಾಫ್ಟ್‌ವೇರಿನವನು, ಟಿ-ಶರ್ಟಿನಲ್ಲೇ ಕಚೇರಿಗೆ ಹೋಗುತ್ತಾನೆ. ಆ ಕೋಟನ್ನು ಅವನು ತೊಟ್ಟದ್ದು ತನ್ನ ಮದುವೆಯ ದಿನ ಮಾತ್ರ. ಕೊನೆಯ ಗುಂಡಿಯ ವಿಷಯ ಗೊತ್ತೇನಪ್ಪಾ ಎಂದು ಕೇಳಿದೆ.

"ಯಾವ ಗುಂಡಿ ಮಾವ?" ಎಂದ.